ಭಟ್ಟಿ ಓಣಿಯ ನೇರಳೆ ಹುಲ್ಲು

ಮುಕ್ತಾ ಕಮ್ಮಾರ ಹುಬ್ಬಳ್ಳಿಗೆ ಮರಳಿ ಬಂದದ್ದು ಹುಲ್ಲು ನೆಡುವುದಕ್ಕೆ.

ಊರ ಅಂಚಿನಲ್ಲಿ, ರೈಲು ಹಳಿಗಳ ಆಚೆ, ಹಳೆಯ ಬ್ಯಾಟರಿ ಕಾರ್ಖಾನೆಯ ಬಯಲು ಹಾಳು ಸುರಿಯುತ್ತಿತ್ತು. ಕಾರ್ಖಾನೆ ಮುಚ್ಚಿ ಒಂದು ತಲೆಮಾರು ಕಳೆದಿತ್ತು. ಮೊದಲು ಯಂತ್ರಗಳು ಹೋದವು, ಆಮೇಲೆ ತಗಡು, ಕಿಟಕಿ, ಕೊನೆಗೆ ಕಟ್ಟಡಗಳ ಗೋಡೆಯ ಇಟ್ಟಿಗೆಗಳೂ ಹೋದವು. ಮಾಲೀಕರು ದಿವಾಳಿಯೆಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಯಾರೂ ಹೊತ್ತುಕೊಂಡು ಹೋಗಲಾರದೆ ಉಳಿದದ್ದು ಮಣ್ಣಿನೊಳಗಿನ ಸೀಸ ಒಂದೇ.

ಇಂಥ ಸತ್ತ ನೆಲ ಆ ಹೊತ್ತಿಗೆ ಪ್ರತಿ ಊರಿನಲ್ಲೂ ಇತ್ತು. ಊರುಗಳು ಬೆಳೆದು ಜಾಗಕ್ಕಾಗಿ ಬಾಯಿ ಬಿಡುತ್ತಿದ್ದವು, ಆದರೆ ನಟ್ಟನಡುವೆ ಯಾರೂ ಕಾಲಿಡದ ಬಯಲುಗಳು. ಕೊನೆಗೆ ಸರ್ಕಾರ ಹೊಸ ಕಟ್ಟಡಗಳ ಮೇಲೆ ಸಣ್ಣದೊಂದು ತೆರಿಗೆ ಹಾಕಿ ‘ನೆಲಶುದ್ಧಿ ನಿಧಿ’ ಎಂಬುದನ್ನು ಕಟ್ಟಿತು. ನಿಧಿ ಸಣ್ಣದು, ಸತ್ತ ನೆಲ ಬಹಳ. ಹಾಗಾಗಿ ಶುದ್ಧವಾದ ಮೇಲೆ ಆ ಜಾಗದಲ್ಲಿ ಏನು ಬರುತ್ತದೆ, ಎಷ್ಟು ಜನಕ್ಕೆ ಉಪಯೋಗವಾಗುತ್ತದೆ, ಖರ್ಚು ಎಷ್ಟು ಎಂದು ನೋಡಿ ಅಂಕ ಹಾಕುತ್ತಿದ್ದರು. ಹೆಚ್ಚು ಅಂಕ ಬಂದ ನೆಲಕ್ಕೆ ಮೊದಲು ಹಣ. ಹುಬ್ಬಳ್ಳಿಯ ಬಯಲಿನಲ್ಲಿ ಮಕ್ಕಳ ಆಸ್ಪತ್ರೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಅಂಕ ಚೆನ್ನಾಗಿ ಬಂತು. ಹಣವೂ ಬಂತು, ಅದರ ಹಿಂದೆ ಮುಕ್ತಾಳೂ ಬಂದಳು.

ಧಾರವಾಡದ ಪ್ರಯೋಗಾಲಯದಲ್ಲಿ ಅವಳೂ ಅವಳ ಸಂಗಡಿಗರೂ ಕೂಡಿ ಆ ಹುಲ್ಲನ್ನು ಬೆಳೆಸಿದ್ದರು. ಮೂಲದಲ್ಲಿ ಅದು ಲಾವಂಚ. ಅದರ ಬೇರು ಆಳಕ್ಕೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇವರು ಅದರ ವಂಶವಾಹಿಯನ್ನು ತಿದ್ದಿ ಬೇರು ಮಣ್ಣಿನ ಸೀಸವನ್ನು ಹೀರಿ ಎಲೆಗೆ ಸಾಗಿಸುವಂತೆ ಮಾಡಿದ್ದರು. ಸೀಸ ಸೇರಿದ ಎಲೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಎಲೆಯನ್ನು ಕೊಯ್ದು, ಹೊಗೆ ಹೊರಗೆ ಬಿಡದ ಮುಚ್ಚಿದ ಕುಲುಮೆಯಲ್ಲಿ ಸುಟ್ಟರೆ ಸೀಸ ತಳದಲ್ಲಿ ಉಳಿಯುತ್ತಿತ್ತು. ಹುಲ್ಲು ಮತ್ತೆ ಚಿಗುರುತ್ತಿತ್ತು. ಇನ್ನೊಂದು ತಿದ್ದುಪಡಿಯೂ ಇತ್ತು. ಈ ಹುಲ್ಲು ಬೀಜ ಬಿಡುವುದಿಲ್ಲ, ಬೇರಿನಿಂದಷ್ಟೇ ಹಬ್ಬುತ್ತದೆ, ಮತ್ತು ಸೀಸವಿಲ್ಲದ ಮಣ್ಣಿನಲ್ಲಿ ಬದುಕುವುದಿಲ್ಲ. ಸೀಸ ಮುಗಿದ ದಿನ ಅದು ಹಳದಿಯಾಗಿ ಒಣಗಿ ಸಾಯಬೇಕು. ಹೊಲಗಳಿಗೆ ಕಳೆಯಾಗಿ ನುಗ್ಗದಿರಲಿ ಎಂದು ಮಾಡಿದ ಎಚ್ಚರಿಕೆ ಅದು.

ಬಯಲಿನ ಪೂರ್ವದ ಸುತ್ತುಗೋಡೆಗೆ ಅಂಟಿಕೊಂಡೇ ಭಟ್ಟಿ ಓಣಿ. ಸೀಸ ಕರಗಿಸುವ ಭಟ್ಟಿಯಲ್ಲಿ ದುಡಿಯುತ್ತಿದ್ದವರು ಆ ಕಾಲದಲ್ಲಿ ಕಟ್ಟಿಕೊಂಡ ಮನೆಗಳು ಅಲ್ಲಿದ್ದವು. ಯಾರ ಬಳಿಯೂ ಹಕ್ಕುಪತ್ರ ಇರಲಿಲ್ಲ. ಮುಕ್ತಾ ಹುಟ್ಟಿದ್ದು ಅಲ್ಲೇ. ತಂದೆ ಅದೇ ಭಟ್ಟಿಯ ಮುಂದೆ ನಿಂತು ನಿಂತು ನಡುವಯಸ್ಸಿನಲ್ಲೇ ತೀರಿಕೊಂಡಿದ್ದ. ಈಗ ಆ ಮನೆಯಲ್ಲಿ ಅಣ್ಣ ಫಕೀರಪ್ಪ, ವೈನಿ ದಾಕ್ಷಾಯಣಿ, ಅವರ ಆರು ವರ್ಷದ ಮಗಳು ಚಂಪಾ ಇದ್ದರು. ಫಕೀರಪ್ಪ ಆಟೋ ಓಡಿಸುತ್ತಿದ್ದ. ಈಚೆಗೆ ಕೈ ನಡುಗುತ್ತದೆಂದು ಆಟೋ ಬಾಡಿಗೆಗೆ ಕೊಟ್ಟು ಮನೆಯಲ್ಲೇ ಕೂತಿದ್ದ. ಹುಲ್ಲು ಕೊಯ್ಯುವ ಕೆಲಸಕ್ಕೆ ಓಣಿಯ ಹೆಂಗಸರನ್ನೇ ತೆಗೆದುಕೊಳ್ಳಬೇಕೆಂದು ಮುಕ್ತಾ ಹಟ ಹಿಡಿದು ಮಾಡಿಸಿದ್ದಳು. ದಾಕ್ಷಾಯಣಿಗೂ ಕೆಲಸ ಸಿಕ್ಕಿತು. ಕೈಗವಸು, ಮುಖಗವಸು, ಉದ್ದ ಬೂಟು ಹಾಕಿಕೊಂಡು ಅವರು ಸಾಲಾಗಿ ಬಯಲಿಗೆ ಇಳಿಯುವಾಗ ಚಂಪಾ ಗೋಡೆಯ ಬಿರುಕಿನಲ್ಲಿ ಇಣುಕಿ, “ಅವ್ವಾ, ನೀ ಚಂದ್ರಲೋಕಕ್ಕ ಹೊಂಟೀ ಏನ?” ಎಂದು ಕೂಗುತ್ತಿದ್ದಳು. ಅವಳದು ಸುಮ್ಮನಿರುವ ಬಾಯಲ್ಲ. ಕಾಗೆಯನ್ನೂ ನಾಯಿಯನ್ನೂ ನಲ್ಲಿಯ ನೀರನ್ನೂ ಮಾತಾಡಿಸುತ್ತಿದ್ದಳು.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬಯಲು ತುಂಬ ನೇರಳೆ. ರೈಲಿನಲ್ಲಿ ಹೋಗುವವರು ಕಿಟಕಿಗೆ ಮುಖ ಹಚ್ಚಿ ನೋಡುತ್ತಿದ್ದರು.

ನಿಯಂತ್ರಣ ಕೊಠಡಿ ಎಂದರೆ ಕಾರ್ಖಾನೆಯ ಹಳೆಯ ಕಾವಲುಕೋಣೆಯೇ. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಡ್ರೋನ್ ತೆಗೆದ ಚಿತ್ರಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ನಿಧಿಯ ಆಯುಕ್ತ ಹೆಬ್ಬಾರರು ಬೆಂಗಳೂರಿನಿಂದ ನೋಡಲು ಬಂದಿದ್ದರು. ಮಾತು ಕಡಿಮೆಯ, ಸದಾ ಬಳಲಿದಂತೆ ಕಾಣುವ ಮನುಷ್ಯ.

“ಪೂರ್ವದ ಗೋಡೆ ಹತ್ತಿರ ಹುಲ್ಲು ನಿಂತುಬಿಟ್ಟಿದೆಯಲ್ಲ,” ಎಂದರು ಅವರು. “ಒಳ್ಳೇದೇ ಆಯ್ತು. ಗೋಡೆ ಆಚೆ ಸೀಸ ಇಲ್ಲ ಅಂತ ಅರ್ಥ.”

ಮುಕ್ತಾ ಪರದೆಯ ಬಳಿ ಹೋದಳು. ರೈಲು ಹಳಿಯ ಕಡೆ ಹುಲ್ಲು ಗೋಡೆಯ ಬುಡದಿಂದ ನುಸುಳಿ ಆಚೆ ಎಲ್ಲೆಂದರಲ್ಲಿ ತಲೆ ಎತ್ತಿತ್ತು. ಓಣಿಯ ಕಡೆ ಮಾತ್ರ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತಿತ್ತು. ಅವಳಿಗೆ ಅದು ಸರಿ ಕಾಣಲಿಲ್ಲ. ಭಟ್ಟಿಯ ಹೊಗೆಯನ್ನು ಪಡುವಣ ಗಾಳಿ ಹೊತ್ತು ಹಾಕುತ್ತಿದ್ದದ್ದು ಆ ಓಣಿಯ ಮೇಲೆಯೇ. ಅವಳ ತಾಯಿ ಒಣಹಾಕಿದ ಬಟ್ಟೆಯನ್ನು ಕೊಡವಿ ಕೊಡವಿ ಒಳಗೆ ತರುತ್ತಿದ್ದಳು. ಬೇರೆಲ್ಲಿ ಇರದಿದ್ದರೂ ಅಲ್ಲಿ ಸೀಸ ಇರಲೇಬೇಕು.

ಹೆಬ್ಬಾರರು ಹೊರಟ ಮೇಲೆ ಅವಳು ಅಣ್ಣನ ಮನೆಗೆ ನಡೆದಳು.

ಮಹಾನವಮಿ ಕಳೆದು ಎರಡು ದಿನವಾಗಿತ್ತು. ಚಂಪಾ ಬಾಗಿಲಲ್ಲೇ ಸಿಕ್ಕು, “ಅತ್ತಿ, ನಿಂಗ ಬನ್ನಿ ಕೊಡೂದು ಉಳದೈತಿ,” ಎನ್ನುತ್ತ ಬಾಡಿದ ಎಲೆಯೊಂದನ್ನು ಅಂಗೈಗೆ ಒತ್ತಿದಳು. ದಾಕ್ಷಾಯಣಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮುಕ್ತಾ ಹಿತ್ತಲಿಗೆ ಹೋಗಿ ನಿಂತಳು. ಒಗೆಯುವ ಕಲ್ಲಿನ ಸುತ್ತ ಮಣ್ಣು ಈಗಷ್ಟೇ ಕೆದಕಿದ ಹಾಗೆ ಸಡಿಲವಾಗಿತ್ತು. ಗೋಡೆಯ ಬುಡದಲ್ಲೂ ಹಾಗೇ. ಅವಳು ಕೂತು ಬೆರಳಿನಿಂದ ಮಣ್ಣು ಸರಿಸಿದಳು. ಬಿಳಿ ಬೇರು, ಅದರ ತುದಿಯಲ್ಲಿ ಕಿತ್ತ ಗುರುತು, ಪಕ್ಕದಲ್ಲಿ ಸೂಜಿಯಂಥ ಹೊಸ ಮೊಳಕೆ. ಮೊಳಕೆಯ ತುದಿ ನೇರಳೆ.

“ವೈನಿ.”

ದಾಕ್ಷಾಯಣಿ ತಿರುಗಿ ನೋಡಿದಳು. ಕೈಯಲ್ಲಿದ್ದ ತಂಬಿಗೆಯನ್ನು ನಿಧಾನ ಕೆಳಗಿಟ್ಟಳು.

“ಯಾವಾಗಿಂದ ಕೀಳಾಕತ್ತೀರಿ?”

“ಶ್ರಾವಣದಿಂದ.”

“ನೀ ಒಬ್ಬಾಕಿನ?”

“ಎಲ್ಲಾರೂ. ಯಮನವ್ವಾಯಿ ಎಲ್ಲಾರ ಮನೀಗೂ ಬಂದು ಹೇಳ್ಯಾಳ. ಬೆಳಗ ಆಗೂದ್ರಾಗ ಕಿತ್ತು ಬಿಡ್ರೆವ್ವಾ, ಮ್ಯಾಲಿನ ಯಂತ್ರದ ಕಣ್ಣಿಗೆ ಬೀಳಬಾರ್ದು ಅಂತ.” ಯಮನವ್ವ ಓಣಿಯ ಹಿರಿಯಳು, ಭಟ್ಟಿ ಓಣಿಯ ಮೊದಲ ಗುಡಿಸಲು ಅವಳದೇ.

“ಬಣ್ಣ ಅಂದ್ರ ಏನು ಅಂತ ನಿಂಗ ಗೊತ್ತೈತಿ. ನಾನ ಹೇಳಿಕೊಟ್ಟೀನಿ.”

“ಗೊತ್ತೈತಿ.” ದಾಕ್ಷಾಯಣಿ ಸೆರಗಿಗೆ ಕೈ ಒರೆಸಿಕೊಂಡಳು. “ಇದೂ ಗೊತ್ತೈತಿ, ಕೇಳು. ಈ ನೆಲಾ ವಿಷ ಅಂತ ನೀವು ಬರದ್ರ ನಮ್ಮನ್ನ ಎಬ್ಬಸ್ತಾರ. ಹಕ್ಕುಪತ್ರ ಇದ್ದಾವಗ ಮನಿ ಕೊಡ್ತಾರ, ಇಲ್ಲದಾವಗ ಬೀದಿ. ಮೂವತ್ತು ವರ್ಷ ಕಾದೀವಿ ಮುಕ್ತಾ. ರಾಜ್ಯೋತ್ಸವದ ದಿನಾ ಹಕ್ಕುಪತ್ರ ಹಂಚತಾರ. ಹೆಸರು ಸುದ್ದಾ ಓದ್ಯಾರ. ಒಂದ ತಿಂಗಳ ಸುಮ್ನಿರು. ಪತ್ರ ಕೈಗೆ ಬರ್ಲಿ, ಆಮ್ಯಾಲೆ ನಾನ ನಿನ್ನ ಕೈ ಹಿಡ್ಕೊಂಡು ಮನಿ ಮನಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ, ಎಲ್ಲೆಲ್ಲಿ ಹುಟ್ಟೈತಿ ಅಂತ.”

ಒಳಗಿನಿಂದ ಫಕೀರಪ್ಪ ಬಂದು ಬಾಗಿಲ ಚೌಕಟ್ಟಿಗೆ ಒರಗಿದ. “ನಲವತ್ತು ವರ್ಷ ಈ ಮಣ್ಣಿನಾಗ ಅದೀವಿ,” ಎಂದ. “ಇನ್ನೊಂದು ತಿಂಗಳಿಗೆ ಏನಾಗ್ತೈತಿ?”

ಮುಕ್ತಾ ಯೋಚಿಸಿದಳು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಯಮ ಹಾಗೇ ಇತ್ತು. ಒಂದು ತಿಂಗಳು ತಡೆದರೆ ಅರವತ್ತು ಮನೆಯವರಿಗೆ ಸೂರು ಸಿಗುತ್ತದೆ. ಮಣ್ಣು ಹೇಗೂ ಎಲ್ಲಿಗೂ ಓಡಿಹೋಗುವುದಿಲ್ಲ. “ಮಕ್ಕಳನ್ನ ಮಣ್ಣಾಗ ಆಡಾಕ ಬಿಡಬ್ಯಾಡ್ರಿ,” ಎಂದಳು. “ಕೈ ತೊಳೀದ ಉಣ್ಣಾಕ ಕೊಡಬ್ಯಾಡ್ರಿ.” ಇಬ್ಬರೂ ತಲೆಯಾಡಿಸಿದರು. ಕಿತ್ತ ಹುಲ್ಲನ್ನು ಏನು ಮಾಡುತ್ತಾರೆಂದು ಅವಳು ಕೇಳಲಿಲ್ಲ. ಎಲ್ಲೋ ಗಟಾರಕ್ಕೆ ಎಸೆಯುತ್ತಾರೆ ಎಂದುಕೊಂಡಳು.

ಗಟಾರಕ್ಕೆ ಎಸೆದರೆ ನೇರಳೆ ಬಣ್ಣ ಎದ್ದು ಕಾಣುತ್ತದೆಂದು ಓಣಿಯವರು ಅದನ್ನು ಎಸೆಯುತ್ತಿರಲಿಲ್ಲ. ನೆರಳಲ್ಲಿ ಒಣಗಿಸಿ, ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಗೆ ತುರುಕುತ್ತಿದ್ದರು. ಅದು ಚೆನ್ನಾಗಿ ಉರಿಯುತ್ತಿತ್ತು. ಬೂದಿ ನುಣ್ಣಗೆ, ಬೆಳ್ಳಗೆ ಬೀಳುತ್ತಿತ್ತು. ಆ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಫಳಫಳ ಹೊಳೆಯುತ್ತವೆಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಮಣ್ಣಿನ ತುಂಬ ತೆಳ್ಳಗೆ ಹರಡಿಹೋಗಿದ್ದ ವಿಷವನ್ನು ಹುಲ್ಲು ತಿಂಗಳುಗಟ್ಟಲೆ ಹೀರಿ ಒಂದೆಡೆ ಒಟ್ಟುಮಾಡುತ್ತಿತ್ತು, ಅವರು ಅದನ್ನು ಉಣ್ಣುವ ತಟ್ಟೆಗೆ ಹಚ್ಚುತ್ತಿದ್ದರು.

ರಾಜ್ಯೋತ್ಸವಕ್ಕೆ ಇನ್ನೊಂದು ವಾರವಿತ್ತು. ಎರಡು ದಿನದಿಂದ ಹೊಟ್ಟೆನೋವೆಂದು ಮಲಗಿದ್ದ ಚಂಪಾ ಮಧ್ಯಾಹ್ನ ಎದ್ದು ನೀರು ಕೇಳಿದಳು. ದಾಕ್ಷಾಯಣಿ ಲೋಟ ತಂದುಕೊಡುವಷ್ಟರಲ್ಲಿ ಹುಡುಗಿಯ ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಫಕೀರಪ್ಪ ಬಾಡಿಗೆಗೆ ಕೊಟ್ಟಿದ್ದ ಆಟೋವನ್ನು ದಾರಿಯಲ್ಲೇ ಅಡ್ಡಹಾಕಿ, ಹತ್ತಿದ್ದವರನ್ನು ಇಳಿಸಿ, ನಡುಗುವ ಕೈಯಲ್ಲೇ ಓಡಿಸಿಕೊಂಡು ದವಾಖಾನೆಗೆ ಹೋದ.

ಮುಕ್ತಾ ಬರುವ ಹೊತ್ತಿಗೆ ಮಗುವಿನ ಫಿಟ್ಸ್ ನಿಂತಿತ್ತು. ಎಚ್ಚರ ಮಾತ್ರ ಬಂದಿರಲಿಲ್ಲ. ರಕ್ತದಲ್ಲಿ ಸೀಸ ಎಷ್ಟಿತ್ತೆಂದರೆ ಯಂತ್ರ ಕೆಟ್ಟಿರಬೇಕೆಂದು ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿಸಿದ್ದರು. “ಇದು ಬರೀ ಮಣ್ಣಿಂದ ಬರೋದಲ್ಲ,” ಎಂದರು ಅವರು. “ಮನೆಯಲ್ಲಿ ಏನಾದರೂ ಸುಟ್ಟಿದ್ದೀರಾ?”

ದಾಕ್ಷಾಯಣಿ ಮುಕ್ತಾಳ ಮುಖ ನೋಡಿದಳು. ಮುಕ್ತಾ ಅವಳ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಬೂದಿ ಇತ್ತು.

ವರಾಂಡದ ಬೆಂಚಿನ ಮೇಲೆ ಫಕೀರಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ದಾಕ್ಷಾಯಣಿ ಮುಕ್ತಾಳ ಕಡೆ ತಿರುಗಿದಳು.

“ನಮ್ಮ ಓಣಿ ನೆಲಾ ವಿಷ ಅಂತ ಹೋಗಿ ಬರದು ಕೊಡು.”

“ವೈನಿ, ಇನ್ನೊಂದು ವಾರ ಐತಿ. ಒಲಿಗೆ ಹಾಕಬ್ಯಾಡ್ರಿ ಅಂತ ಈಗ ಹೋಗಿ ಎಲ್ಲಾರಿಗೂ ಹೇಳ್ತೀನಿ. ಪತ್ರ...”

“ಹೇಳಿದ್ರ ಕೇಳ್ತಾರ, ಇಲ್ಲ ಅನ್ನಂಗಿಲ್ಲ. ಇಷ್ಟ ದಿನಾ ಉಂಡಿದ್ದು ಅವ್ರ ಮಕ್ಕಳ ಹೊಟ್ಯಾಗ ಐತೆಲ್ಲ? ಅರವತ್ತು ಮನೀ ಮಕ್ಕಳ ರಕ್ತಾ ಯಾರು ನೋಡ್ತಾರ? ನೀನು ಬರದು ಕೊಟ್ರ ಸರ್ಕಾರ ನೋಡ್ಬೇಕಾಗ್ತೈತಿ.” ಅವಳ ದನಿ ಎಲ್ಲೂ ಏರಲಿಲ್ಲ. “ಹೋಗವ್ವಾ. ನನ್ನ ಮನಸ್ಸು ಮತ್ತ ಸಣ್ಣದಾಗೂದ್ರಾಗ ಹೋಗು.”

ಮುಕ್ತಾ ಅಂದೇ ಓಣಿಗೆ ಹೋದಳು. ಒಲೆಗಳನ್ನು ಆರಿಸಿದಳು, ಬೂದಿಯನ್ನು ತಾನೇ ಗವಸು ಹಾಕಿಕೊಂಡು ಚೀಲಗಳಿಗೆ ತುಂಬಿದಳು. ಮನೆ ಮನೆಯ ಹಿತ್ತಲಿನ ಮಣ್ಣು ತೆಗೆದು ಪರೀಕ್ಷಿಸಿ, ನಕ್ಷೆ ಮಾಡಿ, ಬೆಂಗಳೂರಿಗೆ ಕಳಿಸಿ, ತಾನೂ ಹೊರಟಳು.

ಹೆಬ್ಬಾರರು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಬೈಯಲಿಲ್ಲ.

“ಮುಕ್ತಾ, ನಿಮಗೆ ಲೆಕ್ಕ ಗೊತ್ತಲ್ಲ. ಈ ಓಣಿಯನ್ನೂ ಸೇರಿಸಿದರೆ ಖರ್ಚು ಎರಡರಷ್ಟಾಗುತ್ತೆ. ಅಂಕ ಬೀಳುತ್ತೆ. ನಮ್ಮ ಹಿಂದೆ ಸಾಲಲ್ಲಿ ನಿಂತಿರುವ ಊರುಗಳಿವೆ. ಒಂದೂರಲ್ಲಿ ಚರ್ಮ ಹದಮಾಡೋ ಜಾಗದ ಪಕ್ಕ ಶಾಲೆ ಇದೆ. ಅಲ್ಲೂ ಮಕ್ಕಳಿದ್ದಾರೆ. ಮಂಡಳಿಯವರು ಆಸ್ಪತ್ರೆಯನ್ನೇ ಬೇರೆ ಕಡೆಗೆ ಕೊಟ್ಟುಬಿಟ್ಟರೆ?”

“ಹಾಗಂತ ಈ ಮಕ್ಕಳನ್ನ ಬಿಟ್ಟುಬಿಡೋಣ ಅಂತೀರಾ ಸರ್?”

“ಬಿಡೋಣ ಅಂತ ಯಾರಂದರು?” ಹೆಬ್ಬಾರರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಯಾರನ್ನ ಮೊದಲು ಅಂತ ದಿನಾ ಬೆಳಿಗ್ಗೆ ಇಲ್ಲಿ ಕೂತು ಆರಿಸೋದೇ ನನ್ನ ಕೆಲಸ. ಯಾರನ್ನ ಆರಿಸಿದರೂ ಉಳಿದವರ ಮುಖ ನಂಗೆ ಕಾಣಿಸಲ್ಲ, ಅದಕ್ಕೇ ಬದುಕಿದೀನಿ. ನೀವು ಇವತ್ತು ಮುಖ ತೋರಿಸ್ತಾ ಇದ್ದೀರಿ.”

ಮಂಡಳಿಯಲ್ಲಿ ಅವರು ಓಣಿಯ ಪರವಾಗಿಯೇ ಮಾತಾಡಿದರು ಎಂದು ಮುಕ್ತಾಳಿಗೆ ಆಮೇಲೆ ತಿಳಿಯಿತು. ಗೆಲ್ಲಲಾಗಲಿಲ್ಲ. ತೀರ್ಮಾನ ಬಂತು. ಗೋಡೆಯ ಒಳಗಿನ ಕೆಲಸ ಮುಂದುವರಿಯಲಿ, ಆಸ್ಪತ್ರೆ ಅಲ್ಲೇ ಆಗಲಿ. ಗೋಡೆಯ ಹೊರಗಿನದು ಎರಡನೆಯ ಹಂತ, ಹಣ ಒದಗಿದಾಗ. ಓಣಿಯ ನೆಲ ವಾಸಕ್ಕೆ ಯೋಗ್ಯವಲ್ಲವಾದ್ದರಿಂದ ಅಲ್ಲಿ ಹಕ್ಕುಪತ್ರ ವಿತರಣೆ ಇಲ್ಲ. ಎಲ್ಲ ಮಕ್ಕಳಿಗೆ ರಕ್ತಪರೀಕ್ಷೆ, ಔಷಧಿ ಉಚಿತ. ನಿವಾಸಿಗಳಿಗೆ ಗಬ್ಬೂರ ಬೈಪಾಸಿನ ಆಚೆ ತಾತ್ಕಾಲಿಕ ಶೆಡ್ಡು.

ರಾಜ್ಯೋತ್ಸವದ ದಿನ ಧ್ವಜ ಹಾರುವ ಬದಲು ಓಣಿಗೆ ಲಾರಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತ್ತು. ಆದರೂ ಜನರ ಸಿಟ್ಟು ಇಳಿದಿರಲಿಲ್ಲ. “ಒಂದು ಕೂಸಿನ ಸಲುವಾಗಿ ಇಡೀ ಓಣಿ ಎಬ್ಬಿಸಿದ್ರಿ,” ಎಂದು ಯಾರೋ ಫಕೀರಪ್ಪನ ಮುಖದ ಮೇಲೇ ಅಂದರು. ಅವನು ಪಾತ್ರೆಯ ಮೂಟೆಯನ್ನು ಲಾರಿಗೆ ಎತ್ತುತ್ತಿದ್ದ. ಎತ್ತಲಾಗದೆ ಅದು ಬಿದ್ದು, ಹೊಳೆಯುವ ತಟ್ಟೆ ಲೋಟಗಳು ಹಾದಿಯ ತುಂಬ ಉರುಳಿದವು. ಯಮನವ್ವ ತನ್ನ ಗಂಟು ಕೆಳಗಿಟ್ಟು ಬಂದು ಅವನ್ನು ಒಂದೊಂದಾಗಿ ಆರಿಸಿದಳು. ಚೀಲಕ್ಕೆ ತುಂಬದೆ ಒಂದು ಗಳಿಗೆ ಹಿಡಿದು ನಿಂತು, “ಇವು ಬ್ಯಾಡ ಬಿಡಪ್ಪಾ,” ಎಂದಳು. ಆಮೇಲೆ ಜನರ ಕಡೆ ತಿರುಗಿದಳು. “ಕೀಳ್ರಿ ಅಂದಾಕಿ ನಾನು. ನನ್ನ ಬೈರಿ, ಫಕೀರಪ್ಪನ್ನ ಬೈಬ್ಯಾಡ್ರಿ.”

ಚಂಪಾ ದವಾಖಾನೆಯಿಂದ ಮನೆಗೆ ಅಂದರೆ ಶೆಡ್ಡಿಗೆ ಬಂದಳು. ನಡೆಯುತ್ತಿದ್ದಳು, ಉಣ್ಣುತ್ತಿದ್ದಳು, ತಾಯಿಯನ್ನು ಗುರುತಿಸುತ್ತಿದ್ದಳು. ರಕ್ತದ ಸೀಸವನ್ನು ಔಷಧಿ ಇಳಿಸಿತ್ತು. ಮಾತು ಮಾತ್ರ ಹೋಗಿತ್ತು. ಬಾಯಿ ತೆರೆದು ಏನೋ ಹೇಳಹೊರಟವಳಂತೆ ನಿಲ್ಲುತ್ತಿದ್ದಳು, ಏನೂ ಬರುತ್ತಿರಲಿಲ್ಲ. ಕಾಗೆ ಬಂದು ಶೆಡ್ಡಿನ ತಗಡಿನ ಮೇಲೆ ಕೂತಾಗ ದಾಕ್ಷಾಯಣಿ ಮಗಳ ಮುಖವನ್ನೇ ನೋಡುತ್ತಿದ್ದಳು.

ಎರಡನೆಯ ಹಂತಕ್ಕೆ ಮುಂದಿನ ವರ್ಷ ಹಣ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಬಯಲಿನೊಳಗೆ ಹುಲ್ಲು ತನ್ನ ಕೆಲಸ ಮುಗಿಸಿ ಹಳದಿಯಾಗಿ ಸತ್ತಿತು, ಆಸ್ಪತ್ರೆಯ ಪಾಯ ಬಿತ್ತು. ಗೋಡೆಯ ಆಚೆ, ಮನೆಗಳನ್ನು ಕೆಡವಿದ ಓಣಿಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ನೇರಳೆ ಹುಲ್ಲು ಎದೆಯೆತ್ತರ ಬೆಳೆದು ನಿಂತಿತು. ಕೊಯ್ಯುವವರಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಎಲೆ ಒಣಗಿ ಉದುರಿದರೆ ಸೀಸ ಮತ್ತೆ ಮಣ್ಣಿಗೇ, ಇಲ್ಲ ಗಾಳಿಗೆ. ಮುಕ್ತಾ ಶೆಡ್ಡಿಗೆ ಹೋದಾಗ ಇದನ್ನೇ ಹೇಳುತ್ತ ಕೂತಿದ್ದಳು. ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ದಾಕ್ಷಾಯಣಿ ಕೇಳಿದಳು, “ಆ ಮುಚ್ಚಿದ ಕುಲುಮಿ ಇನ್ನೂ ಐತೇನು?”

“ಐತಿ. ಆಸ್ಪತ್ರೆ ಮುಗಿಯೂತನಕ ಕೆಡವಂಗಿಲ್ಲ.”

“ಕೈಗವಸು?”

“ಅವೂ ಅದಾವು. ಆದ್ರ ಕೂಲಿ ಕೊಡಾಕ ಒಂದು ಪೈಸಾ ಇಲ್ಲ ವೈನಿ.”

“ಕೂಲಿ ಯಾರು ಕೇಳಿದ್ರು? ನಮ್ಮ ಓಣಿ ಅದು.”

ಹಾಗೆ ಶುರುವಾಯಿತು. ಮೊದಲ ಸಲ ಬೈಪಾಸಿನಿಂದ ಬಸ್ಸು ಹತ್ತಿ ಬಂದದ್ದು ದಾಕ್ಷಾಯಣಿ ಮತ್ತು ಯಮನವ್ವ ಇಬ್ಬರೇ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಸಿಟ್ಟು ಮಾಡಿಕೊಂಡಿದ್ದವರೂ ಬಂದರು. ವಾರದ ರಜೆಯ ದಿನ ಬೇರೆಯವರ ಮನೆಯ ಕೆಲಸ ಮುಗಿಸಿ ಬಂದು, ತಮ್ಮ ಮನೆಯಿದ್ದ ಜಾಗವನ್ನು ತಾವೇ ಕೊಯ್ಯುತ್ತಿದ್ದರು. ಗೋಡೆ ಇಲ್ಲದಿದ್ದರೂ ಯಾವುದು ಯಾರ ಅಡುಗೆಮನೆ, ಯಾರ ಬಚ್ಚಲು ಎಂದು ಎಲ್ಲರಿಗೂ ನೆನಪಿತ್ತು. ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಕುಲುಮೆಗೆ ಬೆಂಕಿ ಹಾಕಲು ಅನುಮತಿ ಬೇಕಿತ್ತು. ಹೆಬ್ಬಾರರು ‘ಪ್ರಯೋಗದ ಮುಂದುವರಿಕೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿದರು. ನಿವೃತ್ತರಾಗುವವರೆಗೂ ಪ್ರತಿ ವರ್ಷ ಹಾಕಿದರು.

ಓಣಿ ಬಿಟ್ಟ ಐದನೆಯ ವರ್ಷ ಫಕೀರಪ್ಪ ತೀರಿಕೊಂಡ, ಮೂತ್ರಪಿಂಡ ಕೈಕೊಟ್ಟು. ಸಾಯುವ ಮುಂಚೆ ಒಂದು ಸಲ ಓಣಿ ನೋಡಬೇಕೆಂದಿದ್ದ. ಮುಕ್ತಾ ಕರೆದುಕೊಂಡು ಹೋಗಿದ್ದಳು. ನೇರಳೆ ಹುಲ್ಲಿನ ನಡುವೆ ಕುರ್ಚಿಯಲ್ಲಿ ಕೂತು, “ಚಂದ ಕಾಣ್ತೈತಲ್ಲ, ಹಾಳಾದ್ದು,” ಎಂದು ನಕ್ಕಿದ್ದ. ಯಮನವ್ವ ಅದರ ಮರುವರ್ಷ ಹೋದಳು.

ಓಣಿ ಬಿಟ್ಟ ಹನ್ನೊಂದನೆಯ ಮಳೆಗಾಲದಲ್ಲಿ ಹುಲ್ಲು ಚಿಗುರಲಿಲ್ಲ. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಹಳದಿ ಹಬ್ಬುತ್ತ ಬಂತು. ಮುಕ್ತಾ ಎಲ್ಲ ಕಡೆಯ ಮಣ್ಣು ತೆಗೆದು ಪರೀಕ್ಷೆ ಮಾಡಿದಳು. ನಂಬಿಕೆಯಾಗದೆ ಇನ್ನೊಮ್ಮೆ ಮಾಡಿದಳು. ಭಟ್ಟಿ ಓಣಿಯ ನೆಲ ಶುದ್ಧವಾಗಿತ್ತು.

ಶುದ್ಧವಾಗಿದೆ ಎಂದ ಕೂಡಲೇ ಆ ನೆಲ ನಿಧಿಯ ಕಣ್ಣಿಗೆ ಬಿತ್ತು. ಈಗ ಅದಕ್ಕೆ ಖರ್ಚಿಲ್ಲ, ಪಕ್ಕದಲ್ಲೇ ಆಸ್ಪತ್ರೆ, ಮುಂದೆ ರಸ್ತೆ. ಅಂಕ ಹಿಂದೆಂದೂ ಬಾರದಷ್ಟು ಬಂತು. ಆಸ್ಪತ್ರೆಗೆ ಬರುವವರ ವಾಹನ ನಿಲ್ಲಿಸಲು ಜಾಗ ಸಾಲುತ್ತಿರಲಿಲ್ಲ. ಬಹುಮಹಡಿ ಪಾರ್ಕಿಂಗ್ ಕಟ್ಟುವುದೆಂದು ಹೊಸ ಆಯುಕ್ತರು ಪ್ರಸ್ತಾಪವಿಟ್ಟರು. ಓಣಿಯವರನ್ನು ಮರೆತಿರಲಿಲ್ಲ. ಬೈಪಾಸಿನ ಆಚೆ ಶೆಡ್ಡುಗಳನ್ನು ತೆಗೆದು ಅಲ್ಲೇ ಪಕ್ಕಾ ಮನೆ ಕಟ್ಟಿಸಿ ಹಕ್ಕುಪತ್ರ ಕೊಡುವುದು ಎಂದೂ ಅದರಲ್ಲಿ ಇತ್ತು. ಅಹವಾಲು ಸಭೆ ನಡೆಯಿತು. ಮುಕ್ತಾ ಅಲ್ಲಿ ಒಂದು ಗಂಟೆ ವಾದಿಸಿದಳು. ಹಣ ಕೊಡದ ನಿಧಿಗೆ ವರ್ಷಗಟ್ಟಲೆ ಕೂಲಿಯಿಲ್ಲದೆ ಕೊಯ್ದವರ ನೆಲದ ಮೇಲೆ ಏನು ಹಕ್ಕು ಎಂದು ಕೇಳಿದಳು. ಹೊಸ ಆಯುಕ್ತರು ಗೌರವದಿಂದಲೇ ಕೇಳಿಸಿಕೊಂಡರು. ಕಾನೂನಿನ ಪ್ರಕಾರ ಆ ನೆಲ ಯಾವತ್ತೂ ಸರ್ಕಾರದ್ದೇ ಎಂದರು.

ದಾಕ್ಷಾಯಣಿಯನ್ನೂ ಮಾತಾಡಲು ಕರೆದರು. ಅವಳು ಎದ್ದು ನಿಂತಳು. “ಕೊಡೂದನ್ನ ಕೊಡ್ರಿ, ತಗೋತೀವಿ,” ಎಂದಳು. “ಬ್ಯಾಡ ಅನ್ನೂ ವಯಸ್ಸು ಹೋತು.” ಮತ್ತೆ ಕೂತಳು.

ಬೇಲಿ ಹಾಕುವ ಹಿಂದಿನ ದಿನ, ಸಂಜೆಯ ಬಿಸಿಲಲ್ಲಿ, ಉಳಿದ ಹೆಂಗಸರೆಲ್ಲ ಒಮ್ಮೆ ನೋಡಿ ಹೋಗಲು ಬಂದರು. ಒಣಗಿದ ಹುಲ್ಲು ಕಾಲಡಿಗೆ ಪುಡಿಯಾಗುತ್ತಿತ್ತು. ಕೊಯ್ಯುವುದಕ್ಕೆ ಏನೂ ಉಳಿದಿರಲಿಲ್ಲ. ಕೆಲವರು ತಮ್ಮ ಹೊಸ್ತಿಲಿದ್ದಲ್ಲಿ ನಿಂತು ಕೈ ಮುಗಿದು ಹೊರಟರು. ದಾಕ್ಷಾಯಣಿ ಮಗಳ ಜೊತೆ ಕೊನೆಯವರೆಗೂ ಉಳಿದಳು. ಚಂಪಾ ಈಗ ತಾಯಿಗಿಂತ ಎತ್ತರವಾಗಿದ್ದಳು. ತಾಯಿ ಅವಳಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಕರೆತಂದಿದ್ದಳು.

“ಪೂರ್ತಿ ಹೋಗೇತೇನು?” ದಾಕ್ಷಾಯಣಿ ಕೇಳಿದಳು.

“ಪೂರ್ತಿ ಹೋಗೇತಿ ವೈನಿ. ಇಲ್ಲಿ ಮೆಂತ್ಯ ಬೆಳದು ತಿನ್ನಬಹುದು.”

ದಾಕ್ಷಾಯಣಿ ತಲೆಯಾಡಿಸಿದಳು. “ನೆಲದಾಗಿಂದ ಹುಲ್ಲು ತಗೀತು. ನನ್ನ ಮಗಳ ಎಲುಬಿನಾಗಿಂದ ಯಾವ ಹುಲ್ಲು ತಗೀಬೇಕು ಮುಕ್ತಾ?”

ಎಲುಬಿನಲ್ಲಿ ಸೀಸ ಹೇಗೆ ಕೂರುತ್ತದೆ, ಎಷ್ಟು ವರ್ಷ ಕೂರುತ್ತದೆ ಎಂಬುದೆಲ್ಲ ಮುಕ್ತಾಳಿಗೆ ಗೊತ್ತಿತ್ತು. ವೈನಿಯ ಭುಜಕ್ಕೆ ಭುಜ ತಾಗಿಸಿ ನಿಂತಳು.

ಅಷ್ಟರಲ್ಲಿ ಚಂಪಾ ನೆಲದ ಮೇಲೆ ಕೂತುಬಿಟ್ಟಿದ್ದಳು. ಒಣಹುಲ್ಲನ್ನು ಬದಿಗೆ ಸರಿಸಿ, ಎರಡೂ ಕೈಯಿಂದ ಮಣ್ಣು ಬಗೆದು, ಗುಡ್ಡೆ ಮಾಡತೊಡಗಿದಳು. ದಾಕ್ಷಾಯಣಿ ಗಾಬರಿಯಾಗಿ ಧಾವಿಸಿದಳು. ದವಾಖಾನೆಯಿಂದ ಬಂದ ದಿನದಿಂದ ಮಗಳ ಕೈಗೆ ಮಣ್ಣು ಸೋಕಲು ಅವಳು ಬಿಟ್ಟಿರಲಿಲ್ಲ. ಶೆಡ್ಡಿನ ಮುಂದೆ ಹುಡುಗಿ ಬಗ್ಗಿದರೆ ಸಾಕು, ಕಿರುಚುತ್ತಿದ್ದಳು, ಹೊಡೆದದ್ದೂ ಇತ್ತು. ಈಗಲೂ ಮುಂಗೈ ಹಿಡಿದು ಎಬ್ಬಿಸಲು ಬಗ್ಗಿದವಳು ಹಾಗೇ ನಿಂತಳು.

ಚಂಪಾ ಹೆದರಿ ತಾಯಿಯನ್ನು ನೋಡಿದಳು. ಹೊಡೆತಕ್ಕೆ ಕಾಯುವವಳಂತೆ ಭುಜ ಕುಗ್ಗಿಸಿದ್ದಳು.

ದಾಕ್ಷಾಯಣಿ ಮುಂಗೈ ಬಿಟ್ಟಳು. ಸೀರೆಯ ನೆರಿಗೆ ಒತ್ತಿಕೊಂಡು ಮಗಳ ಪಕ್ಕ ಮಣ್ಣಿನ ಮೇಲೆ ಕೂತಳು. “ಆಡವ್ವಾ,” ಎಂದಳು. “ಆಡು. ಇನ್ನ ಏನೂ ಆಗಂಗಿಲ್ಲ.”

ರಸ್ತೆಯಲ್ಲಿ ಬೇಲಿಯ ಕಂಬ ಹೇರಿದ ಲಾರಿ ಬಂದು ನಿಂತಿತು. ಚಾಲಕ ಹಾರ್ನ್ ಬಾರಿಸಲು ಕೈ ಎತ್ತಿದವನು ಈ ಕಡೆ ನೋಡಿ ಇಳಿಸಿದ. ಹದಿನೇಳು ವರ್ಷದ ಹುಡುಗಿ ಆರು ವರ್ಷದವಳ ಹಾಗೆ ಮಣ್ಣಿನಲ್ಲಿ ಮನೆ ಕಟ್ಟುತ್ತಿದ್ದಳು. ಅವಳ ತಾಯಿ ಬೊಗಸೆಯಲ್ಲಿ ಮಣ್ಣು ತುಂಬಿ ತುಂಬಿ ಕೊಡುತ್ತಿದ್ದಳು.